ದೇವನಕೊಂಡಕ್ಕೆ ಎರಡು ಫಿಲ್ಮು ಹೊತ್ತು ಹೋದದ್ದು

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಆದೋನಿಯಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಚೀಲದಲ್ಲಿ ಅಕ್ಕನ ಲಿವರಿನ ಸ್ಕ್ಯಾನಿನ ಎರಡು ಫಿಲ್ಮುಗಳಿದ್ದವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು; ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಟೆಕ್ನೀಷಿಯನ್. ಸೂಜಿಯಲ್ಲಿ ಕೊಟ್ಟ ವಿಕಿರಣದ ಔಷಧ ಮೈಯೊಳಗಿಂದ ಹೊಮ್ಮಿಸುವ ಕಿರಣಗಳನ್ನು ಕ್ಯಾಮೆರಾ ಹಿಡಿಯುತ್ತದೆ, ಅವನ್ನು ಜೋಡಿಸಿ ಚಿತ್ರ ಮಾಡುವುದು ಕಂಪ್ಯೂಟರಿನ ಪ್ರೋಗ್ರಾಂ. ಮೂರು ತಿಂಗಳ ಹಿಂದೆ ಅಕ್ಕ ಬಂದು ಸ್ಕ್ಯಾನ್ ಮಾಡಿಸಿಕೊಂಡಾಗ ಹಳೆಯ ಪ್ರೋಗ್ರಾಂ ಅವಳ ಲಿವರಿನಲ್ಲಿ ಕಪ್ಪು ಚುಕ್ಕೆಯೊಂದನ್ನು ತೋರಿಸಿತ್ತು. ಹೊಸದು ಬಂದಾಗ ಹೋಲಿಸಿ ನೋಡಲು ಅದೇ ಸ್ಕ್ಯಾನನ್ನು ಅದಕ್ಕೂ ಕೊಟ್ಟೆ. ಚುಕ್ಕೆ ಇರಲಿಲ್ಲ.

ಯಾವುದು ನಿಜ ಎಂದು ಡಾಕ್ಟರನ್ನು ಕೇಳಿದೆ. "ಹಳೆಯದು ಇಲ್ಲದ್ದನ್ನು ತೋರಿಸಿರಬಹುದು, ಹೊಸದು ಇದ್ದದ್ದನ್ನು ಒರೆಸಿರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಇನ್ನೊಮ್ಮೆ ಸ್ಕ್ಯಾನ್ ಆಗಲೇಬೇಕಿತ್ತು. ಅಕ್ಕ ಬರಲೊಲ್ಲೆ ಎಂದು ಹೇಳಿ ಕಳಿಸಿದಳು. ಕರೆತರಲು ನಾನೇ ಹೊರಟೆ. ಒಂಟಿ ಮನುಷ್ಯ, ಮನೆಯಲ್ಲಿ ಯಾರಿಗೂ ಹೇಳಿ ಹೊರಡಬೇಕಾದ್ದಿರಲಿಲ್ಲ.

ಮಂಡಕ್ಕಿಯ ಉಗ್ಗಾನಿ, ಬಜ್ಜಿ ತಿಂದು ದೇವನಕೊಂಡದ ಬಸ್ಸು ಹತ್ತಿದೆ. ಟಿಕೆಟ್ಟು ಐದು ರೂಪಾಯಿ, ಧೂಳು ಪುಕ್ಕಟೆ. ಪಕ್ಕದಲ್ಲಿ ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡ ಕುರಿಗಾರನೊಬ್ಬ, ಅಕ್ಕನ ಊರಿನವನೇ. ಅಲ್ಲಿನ ಗುಡಿಯ ಪೂಜಾರಿಯಾದ ಭಾವನ ಮನೆಗೆ ಹೊರಟಿದ್ದೇನೆ ಎಂದೆ.

"ಪೂಜಾರಿ ಸ್ವಾಮೇರ ಮನಿಗೇನ್ರಿ? ಆಯಮ್ಮ ಹಿತ್ತಲ ಖೋಲ್ಯಾಗ ಒಬ್ಬಾಕೀನೇ ಅದಾಳ್ರಿ, ಪಾಪಂ. ಏನ್ ರೋಗ ಐತೋ ಏನೋ, ಯಾರ್ನೂ ಹತ್ರ, ದಗ್ಗರಕ ಬಿಡಂಗಿಲ್ಲ."

ಕಿತ್ತು ಮುಗಿದ ಶೇಂಗಾ ಹೊಲ, ಬಂಡೆ, ಮತ್ತೆ ಹೊಲ. ಊರು ಬರುವವರೆಗೆ ಅವನ್ನೇ ನೋಡುತ್ತ ಕುಳಿತೆ. ಭಯವಾಗಿತ್ತು.

ಅವನ ಮಾತು ನಿಜವಾಗಿತ್ತು. ಅಕ್ಕನಿಗೆ ಬೇರೆ ಚಾಪೆ, ಬೇರೆ ತಟ್ಟೆ. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಬಾಗಿಲಿನಿಂದಲೇ ನೋಡುತ್ತ ಕೂತಿದ್ದಳು. ಹೊರಗೆ ಬಾ ಎಂದು ಭಾವ, ಸೊಸೆ ಹೇಳಿ ಹೇಳಿ ಸೋತಿದ್ದರು.

"ಏನಕ್ಕಾ ಇದು?"

"ಆಸ್ಪತ್ರ್ಯಾಗ ಹೇಳಿದ್ರಲ್ಲೋ, ಸೂಜಿ ಹಾಕ್ಯಾರ, ಕೂಸಿನ ಹತ್ರ ಹೋಗಬ್ಯಾಡ ಅಂತ."

"ಒಂದು ದಿನ ಅಂತ ಹೇಳಿದ್ರು!"

"ಅಂದ್ರು. ಮೈಲಿಗಿ ಆದ್ರ ಸ್ನಾನ ಮಾಡಿದ ಮ್ಯಾಲೆ ಹೋತು ಅಂತ ಗೊತ್ತಾಗ್ತದ. ಇದು ಕಣ್ಣಿಗೂ ಕಾಣಂಗಿಲ್ಲ. ಹೋತು ಅಂತ ನನಗ ಯಾರು ಹೇಳವ್ರು?"

ಅಕ್ಕ ಮಡಿಯಲ್ಲೇ ಬೆಳೆದವಳು. ಆಸ್ಪತ್ರೆಯವರು ಒಂದು ದಿನ ಎಂದರೇ ಹೊರತು, ಅದನ್ನು ಕಳೆಯುವ ಸ್ನಾನ ಯಾವುದೆಂದು ಹೇಳಿರಲಿಲ್ಲ. ಮೂರು ತಿಂಗಳಾದರೂ ಅವಳ ಪಾಲಿಗೆ ಆ ದಿನ ಮುಗಿದಿರಲಿಲ್ಲ. ಮತ್ತೆ ಸೂಜಿ ಎಂದರೆ ಮತ್ತೆ ಇದೇ ಕೋಣೆ ಎಂದುಕೊಂಡು ಬೆಂಗಳೂರು ಬೇಡವೆಂದಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಅದು ಅವತ್ತೇ ಹೋಗ್ಯದ ಅಕ್ಕಾ. ಏಳು, ತಲಿಮ್ಯಾಲೆ ನೀರು ಹಾಕ್ಕೋ."

ಬಾವಿಯಿಂದ ನಾನೇ ನೀರು ಸೇದಿಕೊಟ್ಟೆ. ಆ ಸ್ನಾನ ನಮ್ಮ ಯಂತ್ರಕ್ಕೆ ಬೇಕಿರಲಿಲ್ಲ, ಅಕ್ಕನಿಗೆ ಬೇಕಿತ್ತು. ಒದ್ದೆ ಕೂದಲಲ್ಲೇ ಬಂದು ಮೊಮ್ಮಗಳನ್ನು ಎತ್ತಿಕೊಂಡಳು. ಗುರುತು ಮರೆತಿದ್ದ ಮಗು ಹೋ ಎಂದು ಅತ್ತಿತು. ಅಕ್ಕ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅದು ಅವಳ ಸೊಂಟದಿಂದ ಇಳಿಯಲೊಲ್ಲದು.

ಮರುದಿನ ಇಬ್ಬರೂ ಹೊರಟೆವು. ಆದೋನಿಯಲ್ಲಿ ಗಾಡಿ ಬಿಟ್ಟ ಮೇಲೆ ಅಕ್ಕ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಎರಡರಾಗ ಯಾವುದು ಖರೇನೋ?"

"ಗೊತ್ತಿಲ್ಲ ಅಕ್ಕಾ."

ಅವನ್ನು ಚೀಲಕ್ಕೆ ಹಾಕಿದಳು. ಚೀಲದ ಬಾಯಿ ಕಟ್ಟುತ್ತ ಕೇಳಿದಳು: "ಸೂಜಿ ಹಾಕಿದ ದಿನ ನನ್ನ ಎಲ್ಲಿ ಇಡ್ತಿ?"

"ನನ್ನ ಮನ್ಯಾಗ. ಅಲ್ಲಿ ಯಾವ ಕೂಸೂ ಇಲ್ಲ. ಯಾರೂ ಇಲ್ಲ."

ಅವಳಿಗೆ ಧೈರ್ಯ ಬರಲೆಂದು ಹೇಳಿದ್ದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಕುಳಿತು ಕೈ ಹಿಡಿದುಕೊಂಡಳು. ಗುಂತಕಲ್ಲು ಬರುವ ತನಕ ಬಿಡಲಿಲ್ಲ.