ವಿಯೆಟ್ನಾಮಿಗೆ ಹೋದ ಕೊಳಲು

ಮೈಲಾರಪ್ಪ ಕಾಕಾ ಯಾರ ಮನೆಗೂ ಬರಿಗೈಯಲ್ಲಿ ಬಂದವನಲ್ಲ. ಎರಡು ಬಾಳೆಹಣ್ಣು, ಒಂದು ಹಿಡಿ ಹಸಿ ಕಡಲೆ, ಏನೂ ಸಿಗದಿದ್ದರೆ ಹಲ್ಲುಜ್ಜಲು ನಾಲ್ಕು ಬೇವಿನಕಡ್ಡಿ. ತೊಂದರೆ ಏನೆಂದರೆ, ತಂದದ್ದು ಅವನದಾಗಿರುತ್ತಿರಲಿಲ್ಲ. ಒಮ್ಮೆ ನಮಗೆ ಹೊಸ ಕೊಡೆ ತಂದುಕೊಟ್ಟ. ಅದು ಪಕ್ಕದ ಓಣಿಯ ಮಾಸ್ತರದೆಂದು ಮೊದಲ ಮಳೆಗೇ ಗೊತ್ತಾಯಿತು. ಕೊಡೆ ಒಯ್ಯಲು ಬಂದ ಮಾಸ್ತರು, ನಮ್ಮ ಕಳೆದುಹೋದ ಹಿತ್ತಾಳೆ ಸೌಟು ತಮ್ಮ ಅಡುಗೆಮನೆಯಲ್ಲಿದೆ ಎಂದು ನಾಚಿಕೊಂಡು ಹೇಳಿದರು. ಅದನ್ನು ಅವರಿಗೆ ಕೊಟ್ಟವನೂ ಕಾಕಾನೇ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ" ಅಂದಳು.

ತಂಬ್ರಹಳ್ಳಿಯಲ್ಲಿ ಎಲ್ಲರೂ ಹೀಗೇ ನಗುತ್ತಿದ್ದರು. ಅವನನ್ನು ಕಳ್ಳ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಅವನು ತನಗಾಗಿ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಕೊಡುವಾಗ ಅವನ ಕಣ್ಣಲ್ಲಿ ನೀರಾಡುತ್ತಿತ್ತು. ನಾನೂ ನಗುತ್ತಿದ್ದೆ. ಸೌಟು ಹೋದರೆ ಇನ್ನೊಂದು ಸೌಟು ಬರುತ್ತದೆ.

ರಕ್ತಸಂಬಂಧದ ಕಾಕಾ ಅಲ್ಲ ಅವನು. ಅಪ್ಪನ ಜೊತೆ ಕುರಿ ಕಾಯ್ದವನು. ಆಮೇಲೆ ಕುರಿ ಬಿಟ್ಟು ಡೊಳ್ಳಿನ ಮೇಳ ಕಟ್ಟಿದ, ಅದರಲ್ಲಿ ಕೊಳಲು ಊದುತ್ತಿದ್ದ. ಅಪ್ಪನೂ ಊದುತ್ತಿದ್ದ, ಆದರೆ ಕುರಿಗಳಿಗಾಗಿ ಮಾತ್ರ. ಹೆಣ್ಣುಮಕ್ಕಳು ಕೊಳಲು ಮುಟ್ಟಬಾರದೆಂದು ಅಪ್ಪನ ಕಟ್ಟಪ್ಪಣೆ ಇತ್ತು. ಅಪ್ಪ ಹಟ್ಟಿಗೆ ಹೋದಾಗ ಕಾಕಾ ಬಂದು, ನನ್ನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಕಲಿಸಿದ. "ಊದೋದು ಗಂಡೋ ಹೆಣ್ಣೋ ಬಿದಿರಿಗೇನು ಗೊತ್ತು ಬೇ? ಅದಕ್ಕ ಉಸಿರು ಬೇಕಷ್ಟ" ಎನ್ನುತ್ತಿದ್ದ. ಸಂಜೆ ಮಂದೆಯನ್ನು ಮರಳಿ ಕರೆಯುವ ಅಪ್ಪನ ರಾಗ ನನಗೆ ಬಂದದ್ದು ಅಪ್ಪನಿಂದಲ್ಲ, ಕಾಕಾನಿಂದ. ಅಪ್ಪ ತೀರಿಕೊಂಡ ಮೇಲೆ ಅದು ಗೊತ್ತಿದ್ದವರು ನಾವಿಬ್ಬರೇ.

ಅಪ್ಪನ ಕೊಳಲು ಕುಸುಬಿ ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಕೊನೆಯ ತೂತಿನ ಹತ್ತಿರ ಕುರಿಮರಿಯೊಂದು ಕಚ್ಚಿದ ಗುರುತಿತ್ತು. ದೀಪಾವಳಿಯ ದಿನ, ಈಗ ಕುರಿ ನೋಡಿಕೊಳ್ಳುವ ನನ್ನ ತಮ್ಮನ ಹಟ್ಟಿಯ ಮುಂದೆ ಆ ಕೊಳಲು ನುಡಿದ ಮೇಲೆಯೇ ಕುರಿಗಳನ್ನು ಹೊರಗೆ ಬಿಡುವುದು ನಮ್ಮ ಮನೆಯ ಪದ್ಧತಿ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸ್ಟೇಷನ್ ಹತ್ತಿರ ಟೇಲರಿಂಗ್ ಅಂಗಡಿ ಇಟ್ಟ ಮೇಲೂ ಅವತ್ತು ಊರಿಗೆ ಹೋಗಿ ಊದುವವಳು ನಾನೇ. ಕಾಕಾನ ಕೊಳಲಿಗೆ, ಅಂಗಡಿಯಲ್ಲಿ ಉಳಿದ ಕೆಂಪು ಮಖಮಲ್ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ತೋರಿಸಿ ಬಂದಿದ್ದ.

ವಿಯೆಟ್ನಾಮಿನಲ್ಲಿ ಜನಪದ ಸಂಗೀತದ ಮೇಳ ಇದೆ, ನಮ್ಮ ಕಡೆಯಿಂದ ಕಾಕಾನ ತಂಡ ಹೋಗುತ್ತದೆ ಎಂದು ಸುದ್ದಿಯಾದಾಗ ನಮ್ಮ ಮನೆಯಲ್ಲೇ ಹಬ್ಬವಾಯಿತು. ಹೊರಡುವ ವಾರ ಅವನು ಮುಖ ಸಣ್ಣ ಮಾಡಿಕೊಂಡು ಬಂದ. ತನ್ನ ಕೊಳಲು ಸೀಳಿದೆ, ಅಷ್ಟು ದೂರ ಹೋಗಿ ಹೊಸ ಬಿದಿರು ಊದಿದರೆ ಮರ್ಯಾದೆ ಉಳಿಯುವುದಿಲ್ಲ, ಅಪ್ಪನದನ್ನು ಕೊಡಿರಿ ಎಂದ. ಸೀಳಿದ್ದನ್ನು ತೋರಿಸು ಎಂದು ಯಾರು ಕೇಳುತ್ತಾರೆ? ಆದರೂ ಸೌಟು ನೆನಪಾಯಿತೇನೋ, ಅವ್ವ ದೇವರ ಮಾಡದಿಂದ ಭಂಡಾರದ ಬಟ್ಟಲು ತಂದು ಅವನ ಮುಂದಿಟ್ಟಳು. ಅವನು ಹಳದಿ ಪುಡಿಯನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡ.

"ಮೈಲಾರಲಿಂಗನ ಆಣಿ ಅತ್ತಿಗಿ. ನಾನು ಬರಲಿಲ್ಲಂದ್ರೂ ಕೊಳಲು ಬರತೈತಿ."

ನಮ್ಮಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿಗೆ ಎದುರಿಲ್ಲ. ಹೊಲದ ಜಗಳಗಳೂ ಅಲ್ಲಿಗೇ ಮುಗಿಯುತ್ತವೆ. ಅವ್ವ ಗೂಟದಿಂದ ಕೊಳಲು ಇಳಿಸಿ ಕೊಟ್ಟಳು.

ತಿರುಗಿ ಬಂದವನು ನೇರವಾಗಿ ನನ್ನ ಅಂಗಡಿಗೇ ಬಂದ. ಓಣಿಯ ಜನವೆಲ್ಲ ಸೇರಿತು. ಕಾಕಾ ಮಾತಿಗೆ ನಿಂತರೆ ನನ್ನ ಮಿಷನ್ನೂ ನಿಲ್ಲುತ್ತಿತ್ತು. ಅಲ್ಲಿನ ಗುಡ್ಡದ ಜನ ಬಿದಿರಿನ ಕೊಳವೆಗಳನ್ನು ಏಣಿಯ ಹಾಗೆ ಕಟ್ಟಿ ತೂಗಹಾಕಿ ಕೋಲಿನಿಂದ ಬಾರಿಸುತ್ತಾರಂತೆ, ಅದರ ಹೆಸರು ತ್ರಂಗ್. ಹಕ್ಕಿ ಓಡಿಸಲು ಹೊಲದಲ್ಲೂ ಬಿದಿರನ್ನೇ ಬಡಿಯುತ್ತಾರಂತೆ. ಒಂದೇ ತಂತಿಯ ವಾದ್ಯವೊಂದು ಥೇಟ್ ಹೆಂಗಸು ಅತ್ತ ಹಾಗೆ ಅಳುತ್ತದಂತೆ. "ಇನ್ನೊಂದು ಐತಿ ನೋಡ್ರಿ. ಮುಟ್ಟಂಗಿಲ್ಲ, ಊದಂಗಿಲ್ಲ. ಹೆಣ್ಮಕ್ಕಳು ಬೊಂಬಿನ ಬಾಯಿ ಮುಂದ ಚಪ್ಪಾಳಿ ತಟ್ಟತಾರ, ಒಳಗ ಗಾಳಿ ಹೊಕ್ಕು ಬಿದಿರು ಮಾತಾಡತೈತಿ." ಅವನು ಗಾಳಿಯಲ್ಲಿ ಚಪ್ಪಾಳೆ ತಟ್ಟಿ ತೋರಿಸಿದ. ಆಮೇಲೆ ಉದ್ದನೆಯ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟ. ತೆಳು ಹಳದಿ ಬಣ್ಣದ ಕೊಳಲು, ಅಲ್ಲಲ್ಲಿ ದಾರ ಸುತ್ತಿತ್ತು. ಚೆಂದವೇ ಇತ್ತು. ನಮ್ಮದೆಲ್ಲಿ ಎಂದು ಕೇಳಿದೆ.

"ಅಲ್ಲೊಬ್ಬ ಮುದುಕ ತನ್ನ ಕೊಳಲು ನನ್ನ ಕೈಯಾಗ ಇಟ್ಟ ಬೇ. ತಿರುಗಿ ಕೊಡಲಿಲ್ಲಂದ್ರ ನಮ್ಮ ಮಾನ ಏನಾಗತಿತ್ತು? ನಿಮ್ಮಪ್ಪನ ಕೊಳಲು ಈಗ ಸಮುದ್ರದಾಚಿ ನುಡೀತೈತಿ."

ಜನ ಚಪ್ಪಾಳೆ ತಟ್ಟಿದರು. ನಿಮ್ಮಪ್ಪ ಪುಣ್ಯವಂತ ಎಂದರು. ಅಷ್ಟು ಜನರ ಮುಂದೆ ಅಳಲಾಗದೆ ಕತ್ತರಿ ಹುಡುಕುವವಳ ಹಾಗೆ ಮೇಜಿನ ಕೆಳಗೆ ಬಗ್ಗಿದೆ. ವಿಷಯ ಕೇಳಿದ ಅವ್ವ ಭಂಡಾರದ ಬಟ್ಟಲನ್ನು ದೇವರ ಮಾಡದ ಒಳಮೂಲೆಗೆ ಸರಿಸಿ, ಅವನ ಹೆಸರು ಎತ್ತಬೇಡ ಎಂದಳು. ಆ ದೀಪಾವಳಿಗೆ ವಿಯೆಟ್ನಾಮಿನ ಕೊಳಲಲ್ಲೇ ಅಪ್ಪನ ರಾಗ ಊದಲು ನೋಡಿದೆ. ಅದರ ತೂತುಗಳು ಅವರ ಹಾಡಿಗೆ ಕೊರೆದಂಥವು, ಒಂದು ಸ್ವರ ಎಷ್ಟು ಹೆಣಗಿದರೂ ಹತ್ತಲಿಲ್ಲ. ಕೊನೆಗೆ ತಮ್ಮನೇ ಹಟ್ಟಿಯ ಬಾಗಿಲು ಬಡಿದು ಕುರಿಗಳನ್ನು ಹೊರಗೆ ಬಿಟ್ಟ.

ಆದರೂ ಒಬ್ಬ ಹಿರಿಯ ಕಲಾವಿದನ ಮರ್ಯಾದೆಗಾಗಿ ಕೊಟ್ಟನಲ್ಲ ಎಂದು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಿದ್ದೆ. ಹರಪನಹಳ್ಳಿ, ಕೊಟ್ಟೂರು ಎಂದು ಅವನಿಗೆ ಸನ್ಮಾನಗಳಾದವು. ಎಲ್ಲೆಡೆ ಅದೇ ಕಥೆ ಹೇಳಿದ.

ಒಂದು ದಿನ ಅವನ ತಂಡದ ಡೊಳ್ಳಿನ ಶೇಖರ ಅಂಗಿ ಹೊಲಿಸಲು ಬಂದವನು, ಅಕ್ಕಾ ನೀ ಇದನ್ನ ನೋಡೇ ಇಲ್ಲ ಎಂದು ಮೊಬೈಲಿನಲ್ಲಿ ವಿಡಿಯೋ ಹಾಕಿ ಕೊಟ್ಟ. ಮುದುಕ ತನ್ನ ಕೊಳಲು ಕೊಟ್ಟದ್ದು ನಿಜ. ಆದರೆ ಕಾಕಾ ಅಪ್ಪನ ಕೊಳಲು ಚಾಚಿದಾಗ, ಬೇಡ ಬೇಡ ಎಂದು ಎರಡೂ ಕೈಯಿಂದ ಹಿಂದಕ್ಕೆ ತಳ್ಳುತ್ತಾನೆ. ಆಗ ಕಾಕಾ ಪಕ್ಕದಲ್ಲಿದ್ದ ದುಭಾಷಿಗಳಿಗೆ ಹೇಳುವುದು ಸ್ಪಷ್ಟವಾಗಿ ಕೇಳುತ್ತದೆ: "ಇದು ನಮ್ಮಪ್ಪಂದು ಅಂತ ಹೇಳ್ರಿ ಅವರಿಗೆ." ಅವರು ಹೇಳುತ್ತಾರೆ. ಮುದುಕ ಕೊಳಲನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾನೆ. ಇಬ್ಬರೂ ಜೊತೆಯಾಗಿ ಊದುತ್ತಾರೆ. ಕಾಕಾ ಊದಲೆಂದು ಸೊಂಟದ ಕೆಂಪು ಮಖಮಲ್ ಚೀಲದಿಂದ ತನ್ನ ಕೊಳಲು ತೆಗೆಯುತ್ತಾನೆ. ಅದರಲ್ಲಿ ಸೀಳೂ ಇಲ್ಲ, ಒಡಕೂ ಇಲ್ಲ. ಎಷ್ಟು ಚೆನ್ನಾಗಿ ನುಡಿಯಿತೆಂದರೆ ಶೇಖರ ತಲೆದೂಗಿದ. ನನಗೆ ಮೈಯೆಲ್ಲ ಉರಿಯಿತು. ಕೊಡಲಿಕ್ಕೆಂದೇ ನನ್ನಪ್ಪನದನ್ನು ಒಯ್ದಿದ್ದ. ಅಲ್ಲಿ ನನ್ನಪ್ಪನನ್ನೂ ತನ್ನವನನ್ನಾಗಿ ಮಾಡಿಕೊಂಡಿದ್ದ.

ಮುಂದಿನ ಸಂತೆಯ ದಿನ ಕಾಕಾ ಟವೆಲಿನಲ್ಲಿ ಪೇರಲಹಣ್ಣು ಕಟ್ಟಿಕೊಂಡು ಅಂಗಡಿಗೆ ಬಂದ. ಯಾರ ಗಿಡದವೋ. ನಾನು ವಿಡಿಯೋದ ಮಾತು ಎತ್ತಲಿಲ್ಲ. ವಿಯೆಟ್ನಾಮಿನ ಕೊಳಲನ್ನು ಮಿಷನ್ ಮೇಲಿಟ್ಟು, ಇದನ್ನು ನೀನಿಟ್ಟುಕೋ ಕಾಕಾ, ದೀಪಾವಳಿಗೆ ನಿನ್ನದನ್ನು ನನಗೆ ಕೊಡು ಎಂದೆ. ಜನ್ಮದಲ್ಲಿ ಯಾರಿಗೂ ಇಲ್ಲ ಎನ್ನದವನ ಕೈ ಸೊಂಟದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಇದು ನಮ್ಮಪ್ಪಂದು ಬೇ. ಇದನ್ನ ಹೆಂಗ ಕೊಡ್ಲಿ?"

ಅವನ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ಹೌದು ಕಾಕಾ" ಎಂದೆ. "ಅಪ್ಪಂದನ್ನ ಹೆಂಗ ಕೊಡ್ತಾರ."

ಆಮೇಲೆ ನಾನವನನ್ನು ನೋಡಲಿಲ್ಲ. ಈ ಬೇಸಿಗೆಯಲ್ಲಿ ತೀರಿಕೊಂಡ. ನನ್ನ ತಮ್ಮ ಮಣ್ಣಿಗೆ ಹೋಗಿದ್ದ, ನಾನು ಹೋಗಲಿಲ್ಲ. ಕೆಂಪು ಚೀಲವನ್ನು ಅವನ ಜೊತೆಗೇ ಇಡೋಣ ಎಂದು ಮೇಳದವರು ಅಂದರಂತೆ. ಅವನ ಮಗ ಒಪ್ಪದೆ ಮನೆಗೆ ಒಯ್ದನಂತೆ. ಅಪ್ಪನ ಕೊಳಲು, ಮನೆಯಲ್ಲೇ ಇರಬೇಕು ಎಂದನಂತೆ.