ದತ್ತೂ ಕಾಕಾ, ಒಂದು ವಾಷರ್ ಮತ್ತು ಇಸ್ತ್ರಿ ಮಾಡಿದ ಧೋತರ

ಧಾರವಾಡದ ಯಾವ ಸಂಗೀತ ಬೈಠಕ್ಕಿನ ಫೋಟೋ ತೆಗೆದು ನೋಡಿದರೂ ಗಾಯಕರ ಎಡಭುಜದ ಹಿಂದೆ ಒಂದು ಮೊಣಕೈ ಕಾಣುತ್ತದೆ. ಮೊಣಕೈ ಮಾತ್ರ, ಮುಖವನ್ನು ತಂಬೂರಿ ನುಂಗಿರುತ್ತದೆ. ಆ ಮೊಣಕೈ ಮಾಳಮಡ್ಡಿಯ ದತ್ತೂ ಕಾಕಾರದು. ಎದುರಿಗೆ ಬಂದರೆ ಊರಿನ ಅರ್ಧ ಜನ ಅವರನ್ನು ಗುರುತು ಹಿಡಿಯುವುದಿಲ್ಲ. ಅಂಗಿಯ ತೋಳು ಮಡಚಿ ಮೊಣಕೈ ತೋರಿಸಿದರೆ ಮಾತ್ರ 'ಅಯ್ಯ, ನೀವೇನ್ರಿ!' ಎಂದು ಕೈ ಮುಗಿಯುತ್ತಾರೆ.

ಅವರು ಎಂಟು ವರ್ಷದ ಹುಡುಗನಿದ್ದಾಗ ಸೋದರಮಾವ ತೊಡೆಯ ಮೇಲೆ ತಂಬೂರಿ ಇಟ್ಟು, 'ಚಹಾ ಕುಡದ ಬರತೇನಿ, ಮಿಡೀತಿರು' ಎಂದು ಹೇಳಿ ಹೋದನಂತೆ. ದಾರಿಯಲ್ಲಿ ಗೆಳೆಯರು ಸಿಕ್ಕರು, ಮಾತಿಗೆ ಮಾತು ಬೆಳೆಯಿತು, ಮಾವ ಮರಳಿದ್ದು ಮೂರನೆಯ ದಿನ. ಹುಡುಗ ಇನ್ನೂ ಮಿಡಿಯುತ್ತಲೇ ಇದ್ದನಂತೆ. ಆಮೇಲೆ ದೊಡ್ಡವರಾಗಿ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾದರೂ ಕಾಕಾ ಆ ಕೆಲಸವನ್ನು ಬಿಡಲಿಲ್ಲ. ಹಗಲು ಸಾಹೇಬರ ಹಿಂದೆ, ಸಂಜೆ ಗಾಯಕರ ಹಿಂದೆ. ಅವರ ಮದುವೆಯ ಫೋಟೋದಲ್ಲಿಯೂ ಭಟ್ಟರ ಹಿಂದೆ ಇದ್ದಾರೆ. ಹೆಂಡತಿ ಇಂದು ಕಾಕೂನ ಪಕ್ಕದಲ್ಲಿ ಕಾಣುವುದು ಬಾಸಿಂಗದ ತುದಿ ಒಂದೇ.

ಇಂಥ ಹಿಂದಿನ ಮನುಷ್ಯನನ್ನು ಊರೂರಿಗೆ ಮುಂದೆ ಒಯ್ಯುತ್ತಿದ್ದದ್ದು ಅವರ ಹಳೆಯ ಬಿಳಿ ಕಾರು. ಅದರ ಮುಂದಿನ ಎಡಗಡೆಯ ಸೀಟನ್ನು ಕಾಕಾ ಕಿತ್ತು ತೆಗೆದಿದ್ದರು. ಆ ಜಾಗದಲ್ಲಿ ಗಾದಿ ಹಾಸಿ ತಂಬೂರಿಯನ್ನು ಮಲಗಿಸಿದರೆ ಕೂಸು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗುತ್ತಿತ್ತು. ಆಟೋದಲ್ಲಿ ಒಯ್ದರೆ ತಂಬೂರಿಯ ಕುತ್ತಿಗೆ ಹೊರಗೆ ಚಾಚಿ, ಎದುರಿಗೆ ಬಂದ ಬಸ್ಸಿಗೆ ಕೈಸನ್ನೆ ಮಾಡಿದಂತಾಗುತ್ತಿತ್ತು. ಒಮ್ಮೆ ಬಸ್ಸು ನಿಂತೂ ಬಿಟ್ಟಿತ್ತು. ಕಾರು ಇದ್ದರೆ ತಂಬೂರಿ, ತಂಬೂರಿ ಇದ್ದರೆ ಕಾಕಾ. ಕಾರು ಹೋದರೆ ಕಾಕಾ ಮನೆಯಲ್ಲಿ ಕೂತು ಕಾಯಿಪಲ್ಯ ಹೆಚ್ಚಬೇಕು.

ಈ ವರ್ಷ ಆ ಹೊತ್ತು ಬಂದೇ ಬಿಟ್ಟಿತು ಅನ್ನಿಸಿತು. ಅದಕ್ಕೆ ಕಾರಣ ಕಾಕಾರೇ. ಕಾರಿನ ಎಂಜಿನ್ ಎಣ್ಣೆಯನ್ನು ತಾವೇ ಬದಲಿಸುವ ಹುಕಿ ಅವರಿಗೆ ಬಂದಿತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋಗಿ ಎಣ್ಣೆಯ ಡಬ್ಬಿ ತಂದರು. ಜೊತೆಗೆ ಒಂದು ಹೊಸ ತಾಮ್ರದ ವಾಷರ್ ಮತ್ತು ಅಂಗಡಿಯವನು ಜುಲುಮೆಯಿಂದ ಕೊಟ್ಟ ಇನ್ನೊಂದನ್ನೂ ತಂದರು. ಮುಂದಿನ ಗಾಲಿಗಳನ್ನು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಹಿಂದಿನವಕ್ಕೆ ಕಲ್ಲು ಕೊಟ್ಟು ಕೆಳಗೆ ತೂರಿದರು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ ಇರುತ್ತದೆ. ಅದರ ತೂತನ್ನು ಒಂದು ಬೋಲ್ಟು ಮುಚ್ಚಿರುತ್ತದೆ. ಬೋಲ್ಟಿಗೂ ತೊಟ್ಟಿಗೂ ನಡುವೆ ಉಂಗುರದಂಥ ಈ ವಾಷರ್. ಬೋಲ್ಟು ಬಿಗಿದಾಗ ಅದು ಚೂರು ನಲುಗಿ, ಎರಡರ ನಡುವಿನ ಸಂದನ್ನು ತುಂಬಿ ಕೂಡುತ್ತದೆ. ಕಾಕಾ ಬೋಲ್ಟು ಬಿಚ್ಚಿದರು, ಕರಿ ಎಣ್ಣೆ ಬೋಗುಣಿಗೆ ಸುರಿಯಿತು. ಹಳೆಯ ವಾಷರ್ ಕಾಣಲಿಲ್ಲ. 'ಎಣ್ಣ್ಯಾಗ ಬಿತ್ತು' ಎಂದುಕೊಂಡು ಹೊಸದನ್ನು ಬೋಲ್ಟಿಗೆ ಹಾಕಿ ತಿರುಗಿಸಿದರು.

ಮರುದಿನ ಅಂಗಳದಲ್ಲಿ ಕಾಸಗಲದ ಕಲೆ. ಅದರ ಮರುದಿನ ತಟ್ಟೆಯಗಲ. ವಾರ ಕಳೆಯುವಷ್ಟರಲ್ಲಿ ಅದು ನಕಾಶೆಯಲ್ಲಿ ಹೆಸರು ಬರೆಯುವಷ್ಟು ಹಬ್ಬಿತು. ಕಾಗೆಗಳು ಅದನ್ನು ಕೆರೆಯೆಂದು ತಿಳಿದು ಸುತ್ತು ಹಾಕುತ್ತಿದ್ದವು.

ಆ ಅಂಗಳಕ್ಕೆ ಇಂದು ಕಾಕೂ ಆಗಷ್ಟೇ ಹೊಸ ಪರಸಿ ಕಲ್ಲು ಹಾಸಿಸಿದ್ದರು. ಸಾಲಿಯಲ್ಲಿ ಜೀವಮಾನವಿಡೀ ಗಣಿತ ಕಲಿಸಿದವರು. ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ, ಪ್ರಮೇಯ ಮಂಡಿಸುತ್ತಿದ್ದರು.

"ಅಲ್ರೀ, ಈ ರವಿವಾರ ನಮ್ಮ ಮನ್ಯಾಗ ಬೈಠಕ್ಕು. ಹುಬ್ಬಳ್ಳಿಯಿಂದ ಚಿನ್ಮಯೀ ಹಾಡ್ಲಿಕ್ಕೆ ಬರ್ತಾಳ. ಮಂದಿ ಬರ್ತಾರ. ಅಷ್ಟರಾಗ ನಿಮ್ಮ ಗಾಡಿ ಸೋರೂದು ನಿಲ್ಲಬೇಕು, ಇಲ್ಲಾಂದ್ರ ಗಾಡಿ ಈ ಅಂಗಳದಾಗ ನಿಲ್ಲಬಾರದು. ನಾ ಗುಜರಿ ಮುಕ್ತಾರಗ ಫೋನ್ ಮಾಡೇನಿ."

"ಮುಕ್ತಾರಗ? ಅವಾ ಬಂದ್ರ ಗಾಡಿ ಬಿಚ್ಚಿ ಒಯ್ತಾನಲ್ಲ!"

"ಹೌದಲ್ಲ ಮತ್ತ. ಪೂಜಿ ಮಾಡ್ಲಿಕ್ಕೆ ಕರದೇನೇನು?"

ಸೋಮವಾರದಿಂದ ಕಾಕಾ ಕಾರಿನ ಕೆಳಗೇ ಸಂಸಾರ ಹೂಡಿದರು. ಅಂಚೆಯವನು ಕಾಗದವನ್ನು ಅವರ ಕಾಲ್ಬೆರಳ ನಡುವೆ ಸಿಕ್ಕಿಸಿ ಹೋಗುತ್ತಿದ್ದ. ಮೊದಲು ಪಕ್ಕದ ಮನೆಯ ಅತುಲ ಬಂದ. ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದವ; ಜಗತ್ತಿನ ಯಾವ ಅಪಘಾತವೂ ಅವನಿಗೆ ಹೊಸದಲ್ಲ, ಯಾವುದಕ್ಕೂ ಅವನ ಹತ್ತಿರ ಉಪಾಯವಿಲ್ಲದೆ ಇರುವುದಿಲ್ಲ.

"ದತ್ತೂ, ಬಿಗಿ ಸಾಲವಲ್ದಪಾ. ಪಾನಾಕ್ಕ ಪೈಪು ಹಾಕಿ ಜಗ್ಗು."

"ತಾರು ಹರೀತದ ಅತುಲ."

"ಇದು ಬೋಲ್ಟಲೇ ಮಾರಾಯಾ, ತಂಬೂರಿ ಅಲ್ಲ!"

ಬೋಲ್ಟು ತಿರುಗಿಸುವ ಪಾನಾಕ್ಕೆ ಪೈಪು ಹಾಕಿ ಇಬ್ಬರೂ ಜಗ್ಗಿದರು. ಬೋಲ್ಟು ಕಿರ್ರೆಂದಿತು. ಅತುಲನ ಸೊಂಟ ಅದಕ್ಕಿಂತ ಒಂದು ಸ್ವರ ಮೇಲೆ ಕಿರ್ರೆಂದಿತು. ಸೋರುವುದು ಮಾತ್ರ ನಿಲ್ಲಲಿಲ್ಲ. ಇನ್ನೊಂದು ಸುತ್ತು ಜಗ್ಗಿದ್ದರೆ ತೊಟ್ಟಿಯ ತಿರುಪೇ ಹಾಳಾಗುತ್ತಿತ್ತು. ಕಾಕಾರ ಕೈಗೆ ಅದು ತಿಳಿದು ನಿಂತರು.

ಆಮೇಲೆ ಕಾಕಾ ತಮ್ಮ ವಿದ್ಯೆಯನ್ನೇ ಹೂಡಿದರು. ತಂಬೂರಿಯ ತಂತಿ ಬಿಗಿಯುವ ಬಿರಡೆ ಜಾರಿದರೆ ಏನು ಮಾಡುತ್ತಾರೆ? ಖಡು, ಅಂದರೆ ಸೀಮೆಸುಣ್ಣ, ಹಚ್ಚುತ್ತಾರೆ. ಎಣ್ಣೆ ಬಸಿದು ಬೋಲ್ಟಿಗೂ ಸಾಲಿಯ ಖಡು ಹಚ್ಚಿ ತಿರುಗಿಸಿದರು. ಜಗತ್ತಿನಲ್ಲಿ ಬೋಲ್ಟಿಗೆ ಖಡು ಹಚ್ಚಿದ ಮನುಷ್ಯ ಅವರೊಬ್ಬರೇ ಇರಬೇಕು. ಈಗ ಕಲೆಯ ನಡುವೆ ಬಿಳಿಯ ಗೆರೆ ಮೂಡಿ ಅದು ಇನ್ನೂ ಅಂದವಾಗಿ ಕಾಣತೊಡಗಿತು. ಬುಧವಾರ ಬೋಲ್ಟಿನ ಸುತ್ತ ರೇಷ್ಮೆಯ ಎಳೆ ಸುತ್ತಿದರು. ಎಣ್ಣೆ ಆ ಎಳೆಯನ್ನೇ ಬತ್ತಿ ಮಾಡಿಕೊಂಡು ಸಲೀಸಾಗಿ ಇಳಿಯಿತು.

"ದೀಪಾ ಹಚ್ಚೂದೊಂದು ಬಾಕಿ ಅದ ನೋಡ್ರಿ," ಎಂದರು ಇಂದು ಕಾಕೂ, ಕಿಟಕಿಯಿಂದ.

ಶನಿವಾರ ಮಧ್ಯಾಹ್ನಕ್ಕೆ ಕಾಕಾ ಸೋತರು. ಕೈ ತೊಳೆದುಕೊಂಡು, ಕೊನೆಯ ಸಲ ಎಂಬಂತೆ ತಂಬೂರಿಯನ್ನು ತೊಡೆಗೆ ಎಳೆದುಕೊಂಡರು. ನಾಳೆಗೆ ಅದನ್ನಾದರೂ ಸಜ್ಜು ಮಾಡಬೇಕಲ್ಲ. ತಂಬೂರಿಯ ತಂತಿಗಳು ಕುದುರೆ ಎಂಬ ಪುಟ್ಟ ಮಣೆಯ ಮೇಲೆ ಹಾಯುತ್ತವೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆ ಇಡಬೇಕು. ಅದು ಸರಿಯಾದ ಜಾಗದಲ್ಲಿ ಕೂತರೆ ನಾದ ಜೇನಿನಂತೆ ಗುಂಯ್ ಎನ್ನುತ್ತದೆ. ಕಾಕಾ ಹೊಸ ಎಳೆ ಇಟ್ಟರು. ಮಿಡಿದರು. ನೆಗಡಿಯಾದವರ ಮೂಗಿನ ದನಿ ಬಂತು. ಎಳೆಯನ್ನು ಹಿಂದೆ ಸರಿಸಿದರು, ಮುಂದೆ ಸರಿಸಿದರು, ತಂತಿ ಬಿಗಿದರು. ನೆಗಡಿ ಹೋಗಲಿಲ್ಲ.

ತಂತಿಯನ್ನು ಎತ್ತಿ ಉಗುರಿನಿಂದ ಕುದುರೆಯನ್ನು ಸವರಿದಾಗ ಏನೋ ತಡೆಯಿತು. ಹಳೆಯ ಎಳೆಯ ತುಂಡು. ಬೆವರು, ಧೂಳು ಕುಡಿದು ಕುದುರೆಯ ಬಣ್ಣವನ್ನೇ ತಳೆದು, ಅದಕ್ಕೇ ಅಂಟಿಕೊಂಡು ಕೂತಿತ್ತು. ಅದರ ಮೇಲೆ ಹೊಸ ಎಳೆ ಇಟ್ಟರೆ ಎರಡೂ ಕೂಡುವುದಿಲ್ಲ, ಎರಡೂ ಜಗಳಾಡುತ್ತವೆ.

ಕಾಕಾ ಅದನ್ನು ಉಗುರಿನಿಂದ ಎಬ್ಬಿಸಿದರು. ಮಿಡಿದರು. ಗುಂಯ್!

ಆ ನಾದ ಅರ್ಧಕ್ಕೆ ನಿಂತಿತು, ಏಕೆಂದರೆ ಕಾಕಾ ಎದ್ದು ನಿಂತಿದ್ದರು.

"ಇಂದೂ! ಅದು ಎಣ್ಣ್ಯಾಗ ಬಿದ್ದೇ ಇಲ್ಲ! ಅಲ್ಲೇ ಕೂತದ!"

"ಯಾವದ್ರೀ? ಹಲ್ಲಿ?"

ಉತ್ತರ ಕೊಡಲು ಕಾಕಾ ಅಲ್ಲಿರಲಿಲ್ಲ. ಅವರು ಕಾರಿನ ಕೆಳಗೆ ಹೋದ ರಭಸಕ್ಕೆ ಅಂಗಳದ ತುಳಸಿ ಗಿಡ ಒಂದು ತಾಸು ಅಲ್ಲಾಡುತ್ತಿತ್ತಂತೆ. ಮತ್ತೆ ಎಣ್ಣೆ ಬಸಿದರು, ಬೋಲ್ಟು ತೆಗೆದರು. ತೊಟ್ಟಿಯ ತೂತಿನ ಸುತ್ತ ನೋಡಿದರೆ ಕರಿ ಲೋಹ ಮಾತ್ರ. ಕಣ್ಣಿಗೆ ಏನೂ ಬೇರೆ ಕಾಣದು. ಕಾಕಾ ಕಣ್ಣು ಮುಚ್ಚಿದರು. ಜೀವಮಾನವೆಲ್ಲ ತಂತಿಯ ಮೇಲೆ ಆಡಿದ ತೋರುಬೆರಳಿನ ಉಗುರನ್ನು ತೂತಿನ ಸುತ್ತ ಮೆಲ್ಲಗೆ ಎಳೆದರು. ತಡೆಯಿತು. ಕೂದಲೆಳೆಯಷ್ಟು ಎತ್ತರದ ಅಂಚು! ಹಳೆಯ ವಾಷರ್ ಜಿಡ್ಡು ಕುಡಿದು, ತೊಟ್ಟಿಯ ಬಣ್ಣವನ್ನೇ ತಳೆದು, ಅದಕ್ಕೇ ಅಂಟಿಕೊಂಡು ಕೂತಿತ್ತು. ಇಷ್ಟು ದಿನವೂ ಹೊಸ ವಾಷರ್ ಅದರ ಸೆಟೆದ ಬೆನ್ನಿನ ಮೇಲೆ ಕೂತು ಸೋರಿತ್ತು.

ತೊಟ್ಟಿಗೆ ಗೀರು ಬೀಳದ ಹಾಗೆ ಬಿದಿರಿನ ಚಕ್ಕೆಯನ್ನು ಅಂಚಿಗೆ ಕೊಟ್ಟು ಮೀಟಿದರು. ಅದು ಕಳಚಿ ಕಲ್ಲಿನ ಮೇಲೆ ಬಿತ್ತು. ಟಿಣ್. ಕಾಕಾರ ಪ್ರಕಾರ ಅದು ಶುದ್ಧ ಷಡ್ಜ.

ಆಮೇಲಿನ ಕೆಲಸವನ್ನು ಅವರು ಮಂಗಲಕಾರ್ಯದಂತೆ ಮಾಡಿದರು. ತೂತಿನ ಸುತ್ತಲಿನ ಜಾಗವನ್ನು ಬಟ್ಟೆಯಿಂದ ಒರೆಸಿ ಹೊಳೆಯಿಸಿದರು. ಬೋಲ್ಟಿನ ಮೇಲಿನ ಖಡು, ಎಳೆ, ಎಲ್ಲ ಪಾಂಡಿತ್ಯವನ್ನೂ ಕೆರೆದು ತೊಳೆದರು. ಅಂಗಡಿಯವನು ಕೊಟ್ಟಿದ್ದ ಎರಡನೆಯ ವಾಷರನ್ನು ತೆಗೆದು, ಒಂದೇ ಒಂದನ್ನು, ಬೋಲ್ಟಿಗೆ ಚಪ್ಪಟೆಯಾಗಿ ಕೂಡಿಸಿದರು. ಮೊದಲು ಬೆರಳಿನಿಂದಲೇ ತಿರುಗಿಸಿದರು. ಅದು ಎಲ್ಲಿಯೂ ಓರೆಯಾಗದೆ ಏರಿತು. ಆಮೇಲೆ ಪಾನಾ ಹಚ್ಚಿ ಸಾವಕಾಶ ಬಿಗಿದರು. ವಾಷರ್ ನಲುಗಿ ಕೂತದ್ದು ಕೈಗೆ ತಿಳಿಯಿತು. ಇನ್ನೊಂದು ಚೂರು. ಸಾಕು. ಪೈಪಿನ ಕಡೆ ನೋಡಲೂ ಇಲ್ಲ.

"ಇಷ್ಟಕ್ಕ ಬಿಟ್ಟೀ?" ಗೋಡೆಯ ಮೇಲಿಂದ ಅತುಲ ಇಣುಕಿದ.

"ಸ್ವರ ಕೂಡಿದ ಮ್ಯಾಲೆ ಬಿರಡಿ ತಿರುವಿದ್ರ ಬೇಸೂರು, ಅತುಲ. ನಿಲ್ಲೂದೂ ಒಂದು ವಿದ್ಯಾ ಅದ."

ಹೊಸ ಎಣ್ಣೆ ಸುರಿದು, ಎಂಜಿನ್ ಚಾಲೂ ಮಾಡಿ, ಮಟ್ಟ ನೋಡಿ ಕೆಳಗೆ ಇಣುಕಿದರು. ಒಣಗಿತ್ತು. ಆದರೆ ಗಣಿತದ ಮಾಸ್ತರಬಾಯಿ ಒಣ ಮಾತಿಗೆ ಒಪ್ಪುವವರಲ್ಲ.

ರವಿವಾರ ಬೆಳಿಗ್ಗೆ ಮುಕ್ತಾರ ಟೆಂಪೋ ತಂದು ಗೇಟಿನ ಹೊರಗೆ ನಿಲ್ಲಿಸಿದ. ಇಂದು ಕಾಕೂ ಕಪಾಟಿನಿಂದ ಒಂದು ಧೋತರ ತಂದರು. ಹಾಲಿನ ಕೆನೆಯಂಥ ಬಿಳುಪು, ಇಸ್ತ್ರಿಯ ಗೆರೆ ಬೆರಳು ಕೊಯ್ಯುವಷ್ಟು ಚೂಪು. ಕಾಕಾ ಅಂದಿನ ಬೈಠಕ್ಕಿಗೆಂದು ತೆಗೆದಿಟ್ಟದ್ದು. ಅದನ್ನು ಕಾರಿನ ಹೊಟ್ಟೆಯ ಕೆಳಗೆ ಹಾಸಿದರು.

"ಅಯ್ಯ, ಅದು ನನ್ನ ಧೋತರ!"

"ನಿಮ್ಮ ಗಾಡೀನೂ ಹೌದಲ್ಲ. ಭರವಸಾ ಇದ್ರ ಸುಮ್ಮಕೂಡ್ರಿ. ಹಾಡು ಮುಗಿದ ಮ್ಯಾಲೆ ನೋಡೂಣು. ಒಂದು ಹನಿ ಇದ್ರ ಗಾಡಿ ಮುಕ್ತಾರಂದು."

ಹೀಗೆ ಕಾಕಾ ಪಟ್ಟೆಪಟ್ಟೆಯ ಪಾಯಿಜಾಮದಲ್ಲಿಯೇ ಚಿನ್ಮಯೀಯ ಹಿಂದೆ ಕೂತರು. ಪಡಸಾಲೆಯ ಬಾಗಿಲಿನಿಂದ ಕಾರಿನ ಮೂತಿ ಕಾಣುತ್ತಿತ್ತು, ಕೆಳಗಿನ ಧೋತರ ಕಾಣುತ್ತಿರಲಿಲ್ಲ. ಆ ಹುಡುಗಿ ತೋಡಿ ರಾಗ ಎತ್ತಿಕೊಂಡಳು. ಕೇಳಿದವರು ಹೇಳುವ ಪ್ರಕಾರ, ತಂಬೂರಿ ಅಂದು ನುಡಿದಂತೆ ಎಂದೂ ನುಡಿದಿರಲಿಲ್ಲ. ಮಾಳಮಡ್ಡಿಯ ಸೊಳ್ಳೆಗಳು ನಾಚಿ ಒಂದು ತಿಂಗಳು ಗುಂಯ್ಗುಡುವುದನ್ನೇ ಬಿಟ್ಟವು. ಮುಕ್ತಾರ ಮೆಟ್ಟಿಲ ಮೇಲೆ ಕೂತು ತಲೆದೂಗುತ್ತ, ಬಿಚ್ಚಲು ತಂದ ಪಾನಾದಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದ.

ಭೈರವಿ ಮುಗಿಯಿತು. ಚಪ್ಪಾಳೆಯೂ ಮುಗಿಯಿತು. ಯಾರೂ ಉಪ್ಪಿಟ್ಟಿನ ಕಡೆ ಹೋಗಲಿಲ್ಲ. ಧಾರವಾಡದ ಇತಿಹಾಸದಲ್ಲಿ ಇದು ಮೊದಲು. ಅತುಲ ಸುದ್ದಿ ಹಬ್ಬಿಸಿ ಬಿಟ್ಟಿದ್ದ. ಎಲ್ಲರೂ ಕಾರಿನ ಸುತ್ತ ನೆರೆದರು. ಇಂದು ಕಾಕೂ ಬಗ್ಗಿ ಧೋತರವನ್ನು ಮೆಲ್ಲಗೆ ಹೊರಗೆಳೆದರು. ಎರಡೂ ಕೈಯಿಂದ ಎತ್ತಿ ಬಿಸಿಲಿಗೆ ಹಿಡಿದರು. ಆ ಕಡೆ ನೋಡಿದರು, ಈ ಕಡೆ ತಿರುವಿ ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ಬಿಳೇದ ಅದ," ಎಂದರು. ಆಮೇಲೆ ತಡೆಯಲಾಗದೆ ನಕ್ಕರು. "ಖರೇನ ಬಿಳೇದ ಅದರೀ!"

ಅಂಗಳ ಅದುರುವಂತೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಹುಬ್ಬಳ್ಳಿಯ ದುರ್ಗದಬೈಲಿಗೆ ಕೇಳಿ, ಅಲ್ಲಿಯ ಸಂತೆಯವರು ಮಳೆ ಬಂತೆಂದು ತಾಡಪತ್ರಿ ಎಳೆದರಂತೆ. ಕಾಕಾ ವಾಡಿಕೆಯಂತೆ ಸದ್ದಿಲ್ಲದೆ ಹಿಂದೆ ಸರಿದು ಯಾರಿಗೆ ಈ ಚಪ್ಪಾಳೆ ಎಂದು ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ, ಗೋಡೆ ಇತ್ತು.

"ಹಂಗಾರ ನಾ ಬರಿಗೈಲೆ ಹೋಗ್ಲೇನ್ರಿ ಕಾಕಾ?" ಎಂದ ಮುಕ್ತಾರ.

ಕಾಕಾ ಕಿಸೆಯಿಂದ ಹಳೆಯ ವಾಷರ್ ತೆಗೆದು ಅವನ ಅಂಗೈಯಲ್ಲಿಟ್ಟರು. "ಇದನ್ನ ಒಯ್ಯೋ. ಎಲ್ಲಾ ತಂಟೆ ಇದರದ. ಹುಷಾರಪಾ, ಕೂತಲ್ಲಿಂದ ಏಳೂ ಜಾತಿ ಅಲ್ಲ ಇದು."

"ನಿಮ್ಮಂಗ ಅನ್ರಿ," ಎಂದು ನಕ್ಕು ಮುಕ್ತಾರ ಅದನ್ನು ಕಿರುಬೆರಳಿಗೆ ಉಂಗುರದಂತೆ ಹಾಕಿಕೊಂಡು ಹೋದ.

ಆ ಮಧ್ಯಾಹ್ನ ಚಿನ್ಮಯೀಯನ್ನು ಹುಬ್ಬಳ್ಳಿಗೆ ಮುಟ್ಟಿಸಿದ್ದು ಬಿಳಿ ಕಾರೇ. ಹಿಂದಿನ ಸೀಟಿನಲ್ಲಿ ಅವಳ ಜೊತೆ ಇಂದು ಕಾಕೂ. ಮುಂದೆ ಗಾದಿಯ ಮೇಲೆ ತಂಬೂರಿ. ಸ್ಟೇರಿಂಗಿನ ಹಿಂದೆ ಕಾಕಾ, ಪಾಯಿಜಾಮ ಬಿಚ್ಚಿಟ್ಟು ಆ ಧೋತರವನ್ನೇ ಉಟ್ಟುಕೊಂಡು.

ಅದನ್ನು ಉಡುವ ಮುಂಚೆ ಅಂಗಳದಲ್ಲಿ ತೆಗೆದ ಫೋಟೋ ಈಗ ಅವರ ಪಡಸಾಲೆಯಲ್ಲಿದೆ. ನಟ್ಟನಡುವೆ ದತ್ತೂ ಕಾಕಾ, ಪಟ್ಟೆಯ ಪಾಯಿಜಾಮದಲ್ಲಿ, ಬಿಳಿಯ ಧೋತರವನ್ನು ಧ್ವಜದಂತೆ ಎತ್ತಿ ಹಿಡಿದು ನಿಂತಿದ್ದಾರೆ. ಮುಖ ಪೂರ್ತಿ ಬಂದಿದೆ, ಹಲ್ಲು ಸಹಿತ. ಅವರ ಎಡಭುಜದ ಹಿಂದೆ ಒಂದು ಮೊಣಕೈ ಕಾಣುತ್ತದೆ. ಅದು ಗಾಯಕಿ ಚಿನ್ಮಯೀಯದು.