ಕೆಲಸ ಕೇಳದ ತೋಟ

ನನ್ನ ಅಕ್ಕ ದರ್ಜಿ. ಹೊಲಿಗೆಯಂತ್ರ ತುಳಿದೂ ತುಳಿದೂ ಅವಳ ಬಲಮೊಣಕಾಲು ಸವೆದುಹೋಗಿತ್ತು. ಆಪರೇಷನ್ ಆಗಲೇಬೇಕು, ಆದಮೇಲೆ ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ, ತಡಮಾಡಿದರೆ ನಡೆಯುವುದೂ ಅನುಮಾನ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಕ್ಕ ಅವರಿಗೇ ಷರತ್ತು ಹಾಕಿ ಬಂದಳು. ಮನೆಯ ಹಿಂದಿನ ಪಾಳುಜಾಗ ಮೊದಲು ತೋಟವಾಗಬೇಕು, ಆ ತೋಟ ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನು ಬದುಕಬೇಕು, ಅಲ್ಲಿಯವರೆಗೆ ಆಸ್ಪತ್ರೆಯ ಮಾತು ಎತ್ತಕೂಡದು. ಹಟದಲ್ಲಿ ಅವಳನ್ನು ಮೀರಿಸುವವರು ನಮ್ಮ ವಂಶದಲ್ಲೇ ಇಲ್ಲ.

ಭಾವ ಬಸ್ ಡ್ರೈವರ್ ಆಗಿದ್ದವರು. ಮದುವೆಯಾದಾಗಿನಿಂದ ಇಬ್ಬರದೂ ಬಾಡಿಗೆ ಮನೆಯ ಬಾಳು. ಒಬ್ಬ ಓನರ್ ಮಗನ ಮದುವೆ ಎನ್ನುತ್ತಿದ್ದ, ಇನ್ನೊಬ್ಬ ಮಹಡಿ ಕಟ್ಟಿಸಬೇಕು ಎನ್ನುತ್ತಿದ್ದ. ನೆಪ ಯಾವುದಾದರೂ ಗಂಟುಮೂಟೆ ಕಟ್ಟುವುದು ಮಾತ್ರ ಇವರೇ. ರಿಟೈರಾದ ಮೇಲೆ ಅಂತೂ ಇಂತೂ ಸ್ವಂತದ್ದೊಂದು ಹಳೆಯ ಮನೆಯಾಯಿತು. ಎರಡು ಕೋಣೆ, ಹಿಂದೆ ಒಡೆದ ಹೆಂಚಿನ ರಾಶಿ, ತುಕ್ಕು ಹಿಡಿದ ಡ್ರಮ್ಮು, ಎದೆಯೆತ್ತರದ ಕಳೆ. ನಾನೂ ಭಾವನೂ ಬೆನ್ನು ಬಾಗಿಸಿ ಅದನ್ನೆಲ್ಲ ಕಿತ್ತು ಹಾಕಿದೆವು.

ಆಮೇಲೆ ಶುರುವಾಯಿತು ಅಕ್ಕನ ಯೋಜನೆ. ಅಂಗಿಗೆ ಅಳತೆ ನೋಡಿ ಬಟ್ಟೆ ಕತ್ತರಿಸುವವಳಲ್ಲವೇ, ಹಳೆಯ ಪೇಪರನ್ನು ದುಂಡಗೆ ಕತ್ತರಿಸಿ ನೆಲದ ಮೇಲೆ ಹರಡಿದಳು. ದೊಡ್ಡ ದುಂಡು ಬೇವಿಗೆ, ನಡುವಿನದು ದಾಸವಾಳಕ್ಕೆ, ಚಿಕ್ಕವು ಲೋಳೆಸರಕ್ಕೆ. ಮಧ್ಯೆ ಕಳೆ ಬಾರದ ಹಾಗೆ ಜಲ್ಲಿ, ಬುಡಗಳಿಗೆ ತರಗೆಲೆಯ ಹೊದಿಕೆ. ಹುಲ್ಲುಹಾಸು ಬೇಡವೇ ಬೇಡ, ಅದು ದಿನಾ ನೀರು ಕೇಳುತ್ತದೆ ಎಂದಳು. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ಬೆಳಿಗ್ಗೆ ಗೋಡೆಯ ಪಕ್ಕ ಇದ್ದ ಬೇವು ಸಂಜೆಗೆ ಬಾವಿಕಟ್ಟೆಯ ಹತ್ತಿರ ಹೋಗಿರುತ್ತಿತ್ತು. ಗಾಳಿ ಬಂದಾಗ ಅವಳು ಕುಂಟುತ್ತ ಪೇಪರುಗಳ ಹಿಂದೆ ಓಡುವುದನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು.

ಗಿಡಗಳನ್ನು ನರ್ಸರಿಯಿಂದ ತಂದುಕೊಟ್ಟವನು ನಾನು. ನೆಡಲು ಮಾತ್ರ ಯಾರನ್ನೂ ಹತ್ತಿರ ಬಿಡಲಿಲ್ಲ. ನಾವು ಏಳುವ ಮೊದಲೇ ಒಬ್ಬಳೇ ನೆಟ್ಟು ಮುಗಿಸಿದ್ದಳು. ತೋಟವೇನೋ ಕೆಲಸ ಕೇಳದ ತೋಟ, ಅಕ್ಕ ಮಾತ್ರ ಅದರ ಮುಂದೆಯೇ ಠಿಕಾಣಿ ಹೂಡಿದಳು. ಹೊಲಿಗೆ ಅರ್ಧಕ್ಕೆ ಬಿಟ್ಟು, ಬಾಯಲ್ಲಿ ದಾರ ಕಚ್ಚಿಕೊಂಡೇ ಹಿತ್ತಲಿಗೆ ಹೋಗಿ ಬರುವಳು. ಇಷ್ಟಾದರೂ ಎಲೆಗಳು ಹಳದಿಯಾದವು. ದಾಸವಾಳ ಮೊಗ್ಗು ಉದುರಿಸಿತು. ಭಾವ ಆಸ್ಪತ್ರೆಯ ವಿಷಯ ತೆಗೆದರೆ, ನೋಡ್ರೀ, ಇದಿನ್ನೂ ನಿಂತಿಲ್ಲ ಎಂದು ಗಿಡದ ಕಡೆ ಬೆರಳು ತೋರಿಸುವಳು. ಅಷ್ಟರಲ್ಲಿ ಅವಳು ಗೋಡೆ ಹಿಡಿಯದೆ ಎದ್ದು ನಿಲ್ಲಲಾರದ ಸ್ಥಿತಿಗೆ ಬಂದಿದ್ದಳು. ನನಗೆ ನಿಜವಾಗಿಯೂ ಭಯವಾಯಿತು.

ಒಂದು ಸಂಜೆ ಜೋರು ಗಾಳಿಗೆ ಬೇವಿನ ಸಸಿ ಮಗುಚಿ ಬಿತ್ತು. ನೆಟ್ಟಗೆ ಮಾಡೋಣವೆಂದು ಹಿಡಿದೆ. ಸಸಿ ಮಣ್ಣುಸಮೇತ ಕೈಗೇ ಬಂತು. ಬುಡದಲ್ಲಿ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರು ಹಾಗೆಯೇ ಇತ್ತು. ಬೇರುಗಳು ಹೋಗಲು ದಾರಿಯಿಲ್ಲದೆ ಕವರಿನೊಳಗೇ ಸುತ್ತಿಕೊಂಡಿದ್ದವು. ಪಕ್ಕದ ದಾಸವಾಳದ ಬುಡ ಕೆದಕಿದೆ, ಅದೂ ಅಷ್ಟೇ. ಒಂದೊಂದಾಗಿ ನೋಡಿದರೆ ಯಾವುದರ ಕವರನ್ನೂ ತೆಗೆದಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ನಮ್ಮನ್ನೆಲ್ಲ ಆಟ ಆಡಿಸಿದೆಯಾ ಎಂದು ರೇಗಿದೆ.

ಗೋಡೆ ಹಿಡಿದು ನಿಂತಿದ್ದ ಅಕ್ಕ ತಲೆ ತಗ್ಗಿಸಿದಳು. "ಮರೆತಿದ್ದಲ್ವೋ. ಬೇಕಂತಲೇ ಬಿಟ್ಟಿದ್ದು. ನಾಳೆ ಖಾಲಿ ಮಾಡಿ ಅಂದ್ರೆ ಎತ್ಕೊಂಡು ಹೋಗ್ಬೇಕಲ್ಲ."

"ಯಾರು ಹೇಳ್ತಾರಕ್ಕ? ಮನೆ ನಿಂದೇ ತಾನೇ?"

ಅದು ತನಗೂ ಗೊತ್ತು ಎಂದಳು. ಗೊತ್ತಿದ್ದೂ ಎದೆ ಕೇಳುವುದಿಲ್ಲವಂತೆ. ಹಿಂದೊಂದು ಮನೆಯಲ್ಲಿ ಅವಳು ಬೆಳೆಸಿದ ಪೇರಲೆ ಮೊದಲ ಕಾಯಿ ಬಿಟ್ಟ ವಾರವೇ ಮನೆ ಬಿಡಬೇಕಾಯಿತು. ಲಾರಿಯಲ್ಲಿ ಕೂತ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲವೆಂದು, ಗಲಾಟೆ ಕೇಳಿ ಹಿತ್ತಲಿಗೆ ಬಂದಿದ್ದ ಭಾವ ಹೇಳಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಆಪರೇಷನ್ನಿಗೆ ಅವಳು ಯಾಕೆ ಹೆದರುತ್ತಿದ್ದಳು ಎಂಬುದೂ ಆಗಲೇ ಹೊಳೆಯಿತು. ಮನೆ ಬಿಡಿ ಎಂದರೆ ಮಲಗಿದವಳು ಗಂಟುಮೂಟೆ ಕಟ್ಟುವುದು ಹೇಗೆ?

ಭಾವ ಒಳಗಿನಿಂದ ಬ್ಲೇಡು ತಂದು ಅಕ್ಕನ ಕೈಗೆ ಕೊಟ್ಟು, ತಾವು ಸಸಿಯನ್ನು ಹಿಡಿದು ನಿಂತರು. ಅವಳು ಕವರಿನ ಮೇಲೆ ಬ್ಲೇಡಿಟ್ಟು ಭಾವನ ಮುಖ ನೋಡಿದಳು.

"ಬೇರು ಬಿಟ್ಮೇಲೆ ಕೀಳೋಕಾಗಲ್ಲ ಅಲ್ವೇನ್ರಿ?"

"ಆಗಲ್ಲ ಕಣೇ. ಇದನ್ನೂ ಕೀಳೋಕಾಗಲ್ಲ, ನಮ್ಮನ್ನೂ ಕೀಳೋಕಾಗಲ್ಲ."

ಅಕ್ಕ ಕವರನ್ನು ಉದ್ದಕ್ಕೆ ಸೀಳಿದಳು. ಬೇವನ್ನು ಗುಂಡಿಗಿಳಿಸಿ, ಎರಡೂ ಕೈಯಿಂದ ಮಣ್ಣು ಎಳೆದು ಒತ್ತುತ್ತ ಒತ್ತುತ್ತ ಬಿಕ್ಕಿ ಬಿಕ್ಕಿ ಅತ್ತಳು. ನಾನು ಎಬ್ಬಿಸಲು ಹೋದರೆ ಭಾವ ಬೇಡವೆಂದು ತಡೆದರು. ಅಳು ನಿಂತ ಮೇಲೆ ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡು, ಉಳಿದ ಗಿಡಗಳ ಕವರನ್ನು ನೀವೇ ತೆಗೆಯಿರಿ ಎಂದಳು.

"ಡಾಕ್ಟರಿಗೆ ಫೋನ್ ಮಾಡೋ," ಎಂದಳು ನನಗೆ. "ಬಂದು ಮಲಗ್ತೀನಿ ಅಂತ ಹೇಳು."